ಪೂವಕ್ಕನ ಹೆರೆಮಣೆಗೆ ನಾರ್ವೆಯ ಹೂವು

ಚನಿಯ ಕೆಟ್ಟವನಲ್ಲ. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಈ ಸಂಗತಿಯನ್ನು ಕೇಳಿದವರೆಲ್ಲ ಅರ್ಧಕ್ಕೆ ಬರುವಾಗಲೇ ಪೂವಕ್ಕನ ಪಕ್ಷ ಸೇರಿಕೊಳ್ಳುತ್ತಾರೆ. ಆಮೇಲೆ ಎಷ್ಟು ಕರೆದರೂ ಈಚೆಗೆ ಬರುವುದಿಲ್ಲ. ಇಪ್ಪತ್ತೇಳು ವರ್ಷ ಕತಾರಿನಲ್ಲಿ ಬಡಗಿ ಕೆಲಸ ಮಾಡಿದ ಮನುಷ್ಯ. ಕುಡಿತ ಇಲ್ಲ, ಬೀಡಿ ಇಲ್ಲ, ಇನ್ನೊಬ್ಬರ ಉಳಿ ಕೇಳದೆ ಮುಟ್ಟಿದವನಲ್ಲ. ಅವನ ಮೇಲೆ ಇದ್ದ ದೂರು ಒಂದೇ: ಕೈ ಸುಮ್ಮನೆ ಇರುವುದಿಲ್ಲ.

ದೋಹಾದಲ್ಲಿ ಏಷ್ಯನ್ ಗೇಮ್ಸ್ ಮುಗಿದ ಮರುವರ್ಷದ ಮಾತು. ಚನಿಯನಿಗೆ ಆಗ ರಾಸ್ ಲಫಾನಿನಲ್ಲಿ, ಒಂದು ಕಂಟ್ರಾಕ್ಟ್ ಕಂಪೆನಿಯ ಯಾರ್ಡಿನಲ್ಲಿ ಕೆಲಸ. ನಾರ್ವೆ ದೇಶದಿಂದ ದೊಡ್ಡ ದೊಡ್ಡ ಯಂತ್ರಗಳು ಮರದ ಪೆಟ್ಟಿಗೆಯೊಳಗೆ ಬರುತ್ತಿದ್ದವು. ಪೆಟ್ಟಿಗೆ ಬಿಚ್ಚುವುದು ಅವನ ಕೆಲಸ. ಯಂತ್ರ ಇಂಜಿನಿಯರುಗಳ ಪಾಲಿಗೆ, ಹಲಗೆ ಕಸದ ಪಾಲಿಗೆ. ಗಂಟಿಲ್ಲದ, ಬಿಳಿಯ, ಮೂಗಿಗೆ ಹಿಡಿದರೆ ಊದಿನಕಡ್ಡಿಯಷ್ಟು ಪರಿಮಳ ಬರುವ ಹಲಗೆಗಳನ್ನು ಲಾರಿಗೆ ತುಂಬಿ ಮರುಭೂಮಿಗೆ ಎಸೆಯುವುದನ್ನು ನೋಡುವಾಗ ಅವನಿಗೆ, ಮಸಾಲೆ ಸವರಿದ ಅಂಜಲ್ ಮೀನನ್ನು ಬೆಕ್ಕಿಗೆ ಹಾಕಿದ ಹಾಗೆ ಸಂಕಟವಾಗುತ್ತಿತ್ತು.

ಸಂಕಟ ಅವನೊಬ್ಬನಿಗೇ ಅಲ್ಲ, ಇನ್ನೊಬ್ಬರಿಗೂ ಆಗುತ್ತಿತ್ತು. ಅವರು ಪ್ರಾಜೆಕ್ಟ್ ಮ್ಯಾನೇಜರರ ಹೆಂಡತಿ, ಅಗಾತಾ ಮೇಡಂ. ನಾರ್ವೆಯವರು. ಬೆಳ್ಳಿ ಕೂದಲು, ಕೆಂಪು ಕೆನ್ನೆ, ಯಾರನ್ನು ಕಂಡರೂ ನಗು. ಅವರ ಊರಿನಲ್ಲಿ ಚಳಿಗಾಲಕ್ಕೆ ಆರು ತಿಂಗಳು ಹಿಮ ಬೀಳುತ್ತದಂತೆ. ಹೊರಗೆ ಹೂವು ಅರಳುವುದಿಲ್ಲವೆಂದು ಅಲ್ಲಿನ ಜನ ಮನೆಯೊಳಗಿನ ಮರದ ಸಾಮಾನಿನ ಮೇಲೆಲ್ಲ ಹೂವು ಬರೆಯುತ್ತಾರಂತೆ: ಪೆಟ್ಟಿಗೆ, ಬಟ್ಟಲು, ಬಾಗಿಲು, ತೊಟ್ಟಿಲು, ಯಾವುದನ್ನೂ ಬಿಡುವುದಿಲ್ಲ. ಅದಕ್ಕೆ ರೋಸೆಮಾಲಿಂಗ್ ಎಂದು ಹೆಸರು. ಮೇಡಂ ಪ್ರತಿ ಶನಿವಾರ ದೋಹಾದ ಕಂಪೆನಿ ಕಾಂಪೌಂಡಿನಲ್ಲಿ ಹೆಂಗಸರಿಗೆ ಈ ವಿದ್ಯೆ ಕಲಿಸುತ್ತಿದ್ದರು. ಹಲಗೆ ಬೇಕಲ್ಲ? ತಂದು ಕೊಡುವ ಕೆಲಸ ಚನಿಯನಿಗೆ ಬಿತ್ತು.

ಮೊದಲ ಶನಿವಾರ ಹಲಗೆ ಇಳಿಸಿ ಬಂದ. ಎರಡನೆಯ ಶನಿವಾರ ಬಾಗಿಲ ಹತ್ತಿರ ನಿಂತು ನೋಡಿದ. ಮೂರನೆಯ ಶನಿವಾರ ಒಬ್ಬ ಇಂಜಿನಿಯರನ ಹೆಂಡತಿ ಬಳ್ಳಿ ಎಳೆಯಲು ಹೋಗಿ ಎರೆಹುಳ ಎಳೆಯುತ್ತಿರುವುದನ್ನು ತಡೆಯಲಾರದೆ, ಅವಳ ಕೈಯಿಂದ ಬ್ರಶ್ ತೆಗೆದುಕೊಂಡು ಒಂದು ಎಳೆ ಎಳೆದ. ಹುಂಜದ ಬಾಲದ ಗರಿ ಹೇಗೆ ಎದ್ದು, ಬಾಗಿ, ತುದಿಯಲ್ಲಿ ಸಪೂರವಾಗುತ್ತದೋ ಹಾಗೆ ಬಂತು. ಅಗಾತಾ ಮೇಡಂ ಓಡಿಬಂದು ನೋಡಿದರು. "ಇದನ್ನು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು! ನೀನು ಎಲ್ಲಿ ಕಲಿತೆ?" ಎಂದು ಕೇಳಿದರು.

"ಕೋಳಿ, ಮೇಡಂ," ಎಂದ ಚನಿಯ.

ಮೇಡಂಗೆ ಅರ್ಥವಾಗಲಿಲ್ಲ. ಆದರೆ ಅಂದಿನಿಂದ ಅವನನ್ನು ಎಲ್ಲರೆದುರು "ಆರ್ಟಿಸ್ಟ್" ಎಂದು ಕರೆಯತೊಡಗಿದರು. ಐವತ್ತೈದು ವರ್ಷ ಪ್ರಾಯದವರೆಗೆ ಎಲ್ಲರಿಂದ "ಏ ಕಾರ್ಪೆಂಟರ್" ಎನ್ನಿಸಿಕೊಂಡವನಿಗೆ ಇದು ಒಳ್ಳೆಯದಲ್ಲ. ತಲೆಗೆ ಏರಿತು.

ಆಗ ಅವನ ಹೆಂಡತಿ ಪೂವಕ್ಕ ಮನೆಯಲ್ಲಿ ಇರಲಿಲ್ಲ. ತಂಗಿಯ ಮಗಳ ಬಾಣಂತನಕ್ಕೆಂದು ಒಂದು ತಿಂಗಳು ಊರಿಗೆ, ಕಿನ್ನಿಗೋಳಿಗೆ ಹೋಗಿದ್ದಳು. ಇದ್ದಿದ್ದರೆ ಹೂವು ಯಾರ್ಡಿನ ಗೇಟು ದಾಟುತ್ತಿರಲಿಲ್ಲ. ಇಲ್ಲದ ಕಾರಣ, ದೋಹಾದ ಬಿನ್ ಒಮ್ರಾನಿನಲ್ಲಿ ಅವರು ವಾಸವಿದ್ದ ಹಳೆ ಕಟ್ಟಡದಲ್ಲಿ ಸಮೃದ್ಧವಾಗಿ ಅರಳಿತು. ಮೊದಲು ಚಪ್ಪಲಿ ಸ್ಟ್ಯಾಂಡು. ಆಮೇಲೆ ಟೀವಿಯ ಸ್ಟೂಲು. ಆಮೇಲೆ ಎದುರು ಮನೆಯ ಡ್ರೈವರ್ ಝೇವಿಯರನ ಇಸ್ತ್ರಿ ಹಲಗೆ. ಝೇವಿಯರ್ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟ ಕೂಡಲೇ ಬಣ್ಣ ಕರಗಿ, ಅವನು ಆ ಭಾನುವಾರ ಡ್ಯೂಟಿಗೆ ಎದೆಯ ಮೇಲೆ ನೀಲಿ ಎಲೆ ಹೊತ್ತು ಹೋಗಬೇಕಾಯಿತು.

ಕೆಳಗೆ ಮೊಯ್ದಿನನ ದಿನಸಿ ಅಂಗಡಿ. ಅಲ್ಲಿ ಗಿರಾಕಿ ಕೂರುವ ಒಂದು ಮರದ ಪೆಟ್ಟಿಗೆ ಇತ್ತು. ಮೊಯ್ದಿನ್ ನಮಾಜಿಗೆ ಹೋಗಿ ಬರುವಷ್ಟರಲ್ಲಿ ಅದರ ನಾಲ್ಕು ಬದಿಗೂ ಬಳ್ಳಿ ಹಬ್ಬಿತ್ತು.

"ಅಲ್ಲ ಚನಿಯಣ್ಣ, ಇನ್ನು ಇದರ ಮೇಲೆ ಯಾರು ಕೂರ್ತಾರೆ ಮಾರಾಯ?" ಎಂದು ಮೊಯ್ದಿನ್ ತಲೆಗೆ ಕೈ ಇಟ್ಟ. "ಬೆಳಿಗ್ಗೆಯಿಂದ ನಾಲ್ಕು ಜನ ಬಂದು, 'ಪೆಟ್ಟಿಗೆ ಚಂದ ಉಂಟು' ಅಂತ ನಿಂತುಕೊಂಡೇ ನೋಡಿ ಹೋದರು. ಒಬ್ಬನೂ ಒಂದು ಮೊಟ್ಟೆ ತಕೊಳ್ಳಲಿಲ್ಲ!"

"ಇದು ನಾರ್ವೆ ಕಲೆ, ಮೊಯ್ದಿನ್."

"ನಾರ್ವೆಯಲ್ಲಿ ಅಂಗಡಿ ಇಲ್ವಾ?"

ಹೀಗಿರುವಾಗ ಅಗಾತಾ ಮೇಡಂ ಒಂದು ಪ್ರದರ್ಶನ ಏರ್ಪಾಡು ಮಾಡಿದರು. ಗುರುವಾರ ಸಂಜೆ ಆರಕ್ಕೆ, ಕಾಂಪೌಂಡಿನ ಹಾಲಿನಲ್ಲಿ. ನಾರ್ವೆಯ ಹೆಡ್ ಆಫೀಸಿನಿಂದ ದೊಡ್ಡ ಸಾಹೇಬರೇ ಬರುವವರು. ಒಂದೇ ಷರತ್ತು. ಪೆಟ್ಟಿಗೆ ಹಲಗೆ ಆಗದು. ಪ್ರತಿಯೊಬ್ಬರೂ ತಮ್ಮ ಮನೆಯ ಹಳೆಯ, ಬಳಸಿ ಮುಗಿದ, ಕಥೆ ಇರುವ ಒಂದು ಮರದ ವಸ್ತುವಿಗೆ ಹೂವು ಬರೆದು ತರಬೇಕು. ಒಬ್ಬಾಕೆ ಅಜ್ಜಿಯ ರಾಟೆ ತರುತ್ತೇನೆಂದಳು. ಇನ್ನೊಬ್ಬಳು ಮುತ್ತಜ್ಜನ ಹಡಗಿನ ಹಲಗೆ. "ಆರ್ಟಿಸ್ಟ್ ಏನು ತರುತ್ತಾರೆ?" ಎಂದು ಮೇಡಂ ಕೇಳಿದರು.

"ನೂರು ವರ್ಷದ ಸಾಮಾನು ಉಂಟು ಮೇಡಂ," ಎಂದುಬಿಟ್ಟ ಚನಿಯ.

ಮನೆಗೆ ಬಂದು ಹುಡುಕಿದ. ಮಂಚ ಕಬ್ಬಿಣದ್ದು. ಕುರ್ಚಿ ಪ್ಲಾಸ್ಟಿಕ್ಕಿನದ್ದು. ಕಪಾಟು ಅವನೇ ಹೋದ ವರ್ಷ ಮಾಡಿದ್ದು. ಇಡೀ ಮನೆಯಲ್ಲಿ ನೂರು ವರ್ಷಕ್ಕೆ ಸಮೀಪದ ಸಾಮಾನು ಎಂದರೆ ಅಡುಗೆ ಕೋಣೆಯ ಮೂಲೆಯಲ್ಲಿದ್ದ ಪೂವಕ್ಕನ ಹೆರೆಮಣೆ.

ಹಲಸಿನ ಮರದ ಗಿಡ್ಡ ಮಣೆ, ಕೆಳಗೆ ನಾಲ್ಕು ಮೋಟು ಕಾಲು, ಮುಂದೆ ಹೆಡೆ ಎತ್ತಿದ ಕಬ್ಬಿಣದ ನಾಲಗೆ, ನಾಲಗೆಯ ತುದಿಗೆ ಹಲ್ಲು. ಮಣೆಯ ಮೇಲೆ ಕುಳಿತು, ಹಲ್ಲಿಗೆ ತೆಂಗಿನಕಾಯಿ ಹೋಳು ಒತ್ತಿ ತಿರುಗಿಸಿದರೆ ಕಾಯಿ ಹೂವಿನ ಹಾಗೆ ಉದುರುತ್ತದೆ. ಪೂವಕ್ಕನ ಅಮ್ಮನಿಗೆ ಅವಳ ಅತ್ತೆಯಿಂದ ಬಂದದ್ದು, ಪೂವಕ್ಕನಿಗೆ ಅಮ್ಮನಿಂದ. ವಿಮಾನದಲ್ಲಿ ಅದನ್ನು ಸೀರೆಯಲ್ಲಿ ಸುತ್ತಿ ತಂದವಳು. ಶುಕ್ರವಾರ ಶುಕ್ರವಾರ ಆ ಕಟ್ಟಡದ ಹದಿನೈದು ಒಂಟಿ ಗಂಡಸರಿಗೆ ಕೋಳಿ ಸಾರು, ರೊಟ್ಟಿ ಮಾಡಿ ಹಾಕುತ್ತಿದ್ದದ್ದು ಇದೇ ಹೆರೆಮಣೆಯ ಬಲದಿಂದ. ಮಿಕ್ಸಿಯಲ್ಲಿ ತಿರುಗಿಸಿದ ಕಾಯಿಯನ್ನು ಅವಳು ಕಾಯಿ ಎಂದು ಒಪ್ಪುತ್ತಿರಲಿಲ್ಲ. ಅವಳ ಹೊರತು ಬೇರೆಯವರು ಅದರ ಮೇಲೆ ಕೂರಬಾರದು. ಕಾಲು ತಾಗಿಸಬಾರದು. ಚನಿಯ ಒಂದು ಸಲ ಬಲ್ಬು ಹಾಕಲು ಅದರ ಮೇಲೆ ಹತ್ತಿ ನಿಂತದ್ದಕ್ಕೆ ಎಂಟು ದಿನ ಗಂಜಿಗೆ ಉಪ್ಪು ಬಿದ್ದಿರಲಿಲ್ಲ.

ಚನಿಯ ಕೂತು ಯೋಚಿಸಿದ. ಪ್ರದರ್ಶನ ಗುರುವಾರ ಸಂಜೆ. ಪೂವಕ್ಕನ ವಿಮಾನ ಬರುವುದು ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ. ಪ್ರದರ್ಶನ ಮುಗಿದ ಕೂಡಲೇ ತಂದು, ತಿನ್ನರ್ ಹಾಕಿ ಒರೆಸಿ, ಮೂಲೆಯಲ್ಲಿ ಇಟ್ಟುಬಿಟ್ಟರೆ ಹೆರೆಮಣೆ ಹೆರೆಮಣೆಯಾಗಿಯೇ ಇರುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ಲೆಕ್ಕದಲ್ಲಿ ಪೂವಕ್ಕನನ್ನು ಕೇಳಿರಲಿಲ್ಲ, ಅಷ್ಟೆ.

ಮಣೆಯನ್ನು ಉಜ್ಜಿ ನಯ ಮಾಡುವ ಮೆಶಿನು ಯಾರ್ಡಿನಲ್ಲಿತ್ತು. ಉಳಿ, ಕೀಸುಳಿಯ ಚೀಲದಲ್ಲಿ ಹಾಕಿ ಒಳಗೆ ಒಯ್ದ. ಮೂರು ದಿನ ಊಟದ ಬಿಡುವಿನಲ್ಲಿ ಕೂತು ಬರೆದ. ಬುಡದಿಂದ ಒಂದು ಬಳ್ಳಿ ಎದ್ದು, ಎರಡು ಕವಲಾಗಿ, ಮಧ್ಯಕ್ಕೆ ಅಂಗೈ ಅಗಲದ ಕೆಂಪು ಹೂವು. ಸುತ್ತ ನೀಲಿ ಎಲೆ. ಅಂಚಿಗೆ ಕೂದಲೆಳೆಯ ಬಿಳಿ ಗೆರೆ. ಚಂದವಾಗಿಯೇ ಇತ್ತು. ಇದನ್ನು ಪೂವಕ್ಕನ ಪಕ್ಷದವರೂ ಒಪ್ಪುತ್ತಾರೆ.

ಕಷ್ಟ ಬಂದದ್ದು ಹೊರಗೆ ತರುವಾಗ. ರಾಸ್ ಲಫಾನಿನ ಗೇಟಿನಿಂದ ಒಂದು ಮೊಳೆ ಹೊರಗೆ ಬರಬೇಕಾದರೂ ಗೇಟ್ ಪಾಸ್ ಬೇಕು. ಪಾಸು ಬರೆಯುವವನು ಸ್ಟೋರಿನ ಗುಮಾಸ್ತ ಮುದ್ದುಕೃಷ್ಣ. ಚನಿಯನ ಮನೆಯ ಮೇಲಿನ ಮಾಳಿಗೆಯಲ್ಲೇ ವಾಸ. ನಮ್ಮವರ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ. ಇಂಗ್ಲಿಷಿನಲ್ಲಿ ಉದ್ದ ಉದ್ದ ಶಬ್ದಗಳನ್ನು ಇಟ್ಟುಕೊಂಡು, ಯಾವಾಗ ಹೊರಗೆ ಬಿಡಲಿ ಎಂದು ಕಾಯುತ್ತಿದ್ದವನು.

"ಎಂತ ಅಂತ ಬರೀಲಿ ಇದನ್ನು?" ಎಂದು ಮುದ್ದುಕೃಷ್ಣ ಪೆನ್ನು ಎತ್ತಿದ.

"ಕಾಯಿ ಹೆರೆಯುವ ಸಾಮಾನು ಅಂತ."

"ಸಾಮಾನು ಅಂದರೆ ಟೂಲ್. ಕಬ್ಬಿಣ ಬೇರೆ ಉಂಟು, ಅದಕ್ಕೆ ಹಲ್ಲು ಬೇರೆ. ಟೂಲ್ ಹೊರಗೆ ಹೋಗಬೇಕಾದರೆ ಮೂರು ಸಹಿ ಬೇಕು ಚನಿಯಣ್ಣ. ಸೇಫ್ಟಿಯವ ರಜೆಯಲ್ಲಿದ್ದಾನೆ. ಮುಂದಿನ ವಾರ ಬನ್ನಿ."

"ಮುಂದಿನ ವಾರ ನಾನು ಇರುವುದಿಲ್ಲ ಮಾರಾಯ, ಪೂವಕ್ಕ ಇಡುವುದಿಲ್ಲ. ಸಹಿ ಕಡಿಮೆ ಬೇಕಾಗುವ ಶಬ್ದ ಇಲ್ವಾ ನಿನ್ನ ಹತ್ತಿರ?"

ಮುದ್ದುಕೃಷ್ಣನ ಮುಖ ಬೆಳಗಿತು. "ಫರ್ನಿಚರ್‌ಗೆ ಒಂದೇ ಸಹಿ. ನಂದೇ. ಇದರ ಮೇಲೆ ಕೂರ್ತಾರೋ ಇಲ್ಲವೋ?"

"ಕೂರ್ತಾರೆ."

"ಹಾಗಾದರೆ ಆಸನ!" ಎಂದು ಬರೆಯತೊಡಗಿದ. ಬರೆದು ಮುಗಿಸಿ, ಎದ್ದು ನಿಂತು ಓದಿದ. ಅದರ ತಾತ್ಪರ್ಯ ಇಷ್ಟು: 'ಕರಾವಳಿ ಕರ್ನಾಟಕದ ಪುರಾತನ ಗೌರವಪೀಠ, ಮುಂಭಾಗದಲ್ಲಿ ಲೋಹದ ಅಲಂಕಾರ ಸಹಿತ, ಒಂದು ನಂಬ್ರ.'

ಗೇಟಿನಲ್ಲಿ ಅಂದು ಡ್ಯೂಟಿಗೆ ಇದ್ದವನು ಶಾಫಿ, ಕಾಸರಗೋಡಿನವನು. ಕಾಗದ ಓದಿದ. ಚೀಲ ಬಿಚ್ಚಿ ನೋಡಿದ. ಮತ್ತೊಮ್ಮೆ ಕಾಗದ ಓದಿದ.

"ಅಣ್ಣಾ, ಇಂಥದೊಂದು ಪೀಠ ನನ್ನ ಉಮ್ಮನಿಗೂ ಉಂಟು," ಎಂದ. "ಒಲೆಯ ಹತ್ತಿರ ಇರ್ತದೆ."

ಚನಿಯ ಬೆವರಿದ. "ಅದು... ಬೇರೆ ಇರಬೇಕು."

"ಬೇರೆಯೇ. ಉಮ್ಮನದಕ್ಕೆ ಹೂವಿಲ್ಲ." ಶಾಫಿ ಸೀಲು ಒತ್ತಿದ. "ನನಗೆ ಕಾಗದ ಓದುವುದಕ್ಕೆ ಸಂಬಳ ಕೊಡ್ತಾರೆ, ಕಾಯಿ ತುರಿಯುವುದಕ್ಕಲ್ಲ. ಕಾಗದದಲ್ಲಿ ಪೀಠ ಅಂತ ಉಂಟು. ಪೀಠವೇ. ಯಲ್ಲಾ, ಹೋಗಿ."

ಅಗಾತಾ ಮೇಡಂ ಹೆರೆಮಣೆಯನ್ನು ಎರಡೂ ಕೈಯಲ್ಲಿ ಇಸಕೊಂಡರು. ಅದಕ್ಕೆ ಕಟ್ಟಿದ್ದ ಪಾಸನ್ನು ಓದಿದರು. ಓದುತ್ತಾ ಓದುತ್ತಾ ಮೆಲ್ಲಗೆ ಕುರ್ಚಿಯಲ್ಲಿ ಕುಳಿತರು. ಆಮೇಲೆ ಅವರಿಬ್ಬರ ನಡುವೆ ನಡೆದ ಮಾತನ್ನು ಇದ್ದ ಹಾಗೆ ಹೇಳುವುದು ಉತ್ತಮ. ಚನಿಯ ಅಂದು ಒಂದೇ ಒಂದು ಸುಳ್ಳೂ ಹೇಳಿಲ್ಲವೆಂದು ಇಂದಿಗೂ ಎದೆ ತಟ್ಟಿ ಹೇಳುತ್ತಾನೆ, ಅದು ನಿಜವೂ ಹೌದು.

"ಈ ಪೀಠದ ಮೇಲೆ ಯಾರು ಕೂರುತ್ತಿದ್ದರು?"

"ನನ್ನ ಹೆಂಡತಿಯ ಅಮ್ಮ, ಮೇಡಂ."

"ಬೇರೆ ಯಾರೂ ಕೂರುವ ಹಾಗಿಲ್ಲವೇ?"

"ನೋ, ನೋ. ಬೇರೆಯವರು ಕೂತರೆ ಬಿಗ್ ಪ್ರಾಬ್ಲಮ್."

"ಹಬ್ಬದ ದಿನ ಮಾತ್ರವೋ?"

"ದಿನಾಲೂ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಹಬ್ಬಕ್ಕೆ ಇಡೀ ದಿನ."

"ಅವರು ಕುಳಿತಾಗ ಮನೆಯವರು ಏನು ಮಾಡುತ್ತಿದ್ದರು?"

ಚನಿಯನಿಗೆ ಅತ್ತೆಯ ಮನೆ ಕಣ್ಣಮುಂದೆ ಬಂತು. "ಮಕ್ಕಳೆಲ್ಲ ಸುತ್ತ ನಿಂತು ಕೈ ನೀಡ್ತಾರೆ ಮೇಡಂ. ಅವರು ಒಂದೊಂದು ಚಿಟಿಕೆ ಕೊಡ್ತಾರೆ. ಜಾಸ್ತಿ ಕೇಳಿದರೆ ಬೈತಾರೆ."

ಮೇಡಂನ ಕಣ್ಣಲ್ಲಿ ನೀರು ಬಂತು. "ಮತ್ತೆ ಈ ಕಬ್ಬಿಣದ ತಲೆ?"

"ಅದಿಲ್ಲದಿದ್ದರೆ ಕೂತು ಏನೂ ಪ್ರಯೋಜನ ಇಲ್ಲ ಮೇಡಂ."

"ಹೌದು, ಹೌದು! ನಮ್ಮ ಹಿರಿಯರ ಹಡಗಿನ ಮುಂದೆಯೂ ಇಂಥದೇ ತಲೆ ಇರುತ್ತಿತ್ತು," ಎಂದು ಮೇಡಂ ಆ ಹಲ್ಲುಗಳನ್ನು ಬೆರಳಿಂದ ಸವರಿದರು. "ಚನಿಯಾ, ಗುರುವಾರ ನಮ್ಮ ದೊಡ್ಡ ಸಾಹೇಬರನ್ನು ಈ ಪೀಠದ ಮೇಲೆ ಕೂರಿಸಿ ಪ್ರದರ್ಶನ ಉದ್ಘಾಟನೆ ಮಾಡಿಸೋಣ. ನಿನ್ನ ಹೆಂಡತಿಗೆ ಬೇಸರವಿಲ್ಲ ತಾನೆ?"

ನಿಜ ಹೇಳಲು ದೇವರು ಕೊಟ್ಟ ಅವಕಾಶ ಇದು. ಚನಿಯ ಬಾಯಿ ತೆರೆದ. ಅಷ್ಟರಲ್ಲಿ ಮೇಡಂ ಅಲ್ಲಿದ್ದ ಹೆಂಗಸರನ್ನೆಲ್ಲ ಕರೆದು, "ನೋಡಿ, ನಮ್ಮ ಆರ್ಟಿಸ್ಟ್ ಏನು ತಂದಿದ್ದಾರೆ!" ಎಂದರು. ಚನಿಯ ಬಾಯಿ ಮುಚ್ಚಿದ.

ಸುದ್ದಿ ಬಿನ್ ಒಮ್ರಾನಿಗೆ ಬರಲು ಒಂದು ಸಂಜೆ ಸಾಕಾಯಿತು. ಮುದ್ದುಕೃಷ್ಣನಂತೂ ನೆಲದ ಮೇಲಿರಲಿಲ್ಲ. ಗೌರವಪೀಠ ಎಂಬುದು ತಾನೇ ಬರೆದ ಮಾತು ಎಂಬುದು ಅವನಿಗೆ ಮರೆತುಹೋಗಿತ್ತು. ಈಗ ಕಂಪೆನಿಯವರೇ ಹೇಳುತ್ತಿದ್ದಾರೆ ಎಂದ ಮೇಲೆ ನಂಬದೆ ಇರುವುದು ಹೇಗೆ? ಸಂಘದಿಂದ ಶಾಲು, ಹಾರ, ಹಣ್ಣಿನ ತಟ್ಟೆ ತಂದ. ಪೀಠದ ಚರಿತ್ರೆಯ ಬಗ್ಗೆ ಎರಡು ಪುಟದ ಭಾಷಣ ಬರೆದ.

"ಮುದ್ದಣ್ಣ, ಅದು ಹೆರೆಮಣೆ," ಎಂದು ಮೊಯ್ದಿನ್ ಮೆಲ್ಲಗೆ ಹೇಳಿ ನೋಡಿದ.

"ನಿಮಗೆ ಕಲ್ಚರ್ ಗೊತ್ತಿಲ್ಲ ಮೊಯ್ದಿನ್."

"ಕಲ್ಚರ್ ಗೊತ್ತಿಲ್ಲ. ಪೂವಕ್ಕ ಗೊತ್ತುಂಟು." ಮೊಯ್ದಿನ್ ಚನಿಯನ ಕಡೆ ತಿರುಗಿದ. "ಚನಿಯಣ್ಣ, ಒಂದು ಕೆಲಸ ಮಾಡಿ. ಶುಕ್ರವಾರದ ಒಳಗೆ ಅದು ಮೂಲೆಯಲ್ಲಿ ಇಲ್ಲದಿದ್ದರೆ ನೀವೂ ಒಂದು ತಿಂಗಳು ಊರಿಗೆ ಹೋಗಿಬಿಡಿ. ಹದಿನೈದು ಜನ ಒಂದು ತಿಂಗಳಿಂದ ಝೇವಿಯರನ ದಾಲ್ ತಿಂದು ಬಣ್ಣಗೆಟ್ಟಿದ್ದಾರೆ. ಅವರು ನಿಮ್ಮನ್ನು ಬಿಡುವುದಿಲ್ಲ."

"ನನ್ನ ದಾಲಿಗೆ ಎಂತ ಆಗಿದೆ?" ಎಂದ ಝೇವಿಯರ್. ಮೊಯ್ದಿನ್ ಮೊಟ್ಟೆ ಎಣಿಸತೊಡಗಿದ.

ಅದೇ ಹೊತ್ತಿಗೆ ಝೇವಿಯರನ ಹೊಟ್ಟೆಯೊಳಗೆ ದಾಲ್ ಅಲ್ಲದೆ ಒಂದು ಗುಟ್ಟೂ ಇತ್ತು. ಚನಿಯನಿಗೆ ಇದು ಆಮೇಲೆ ತಿಳಿದದ್ದು. ಪೂವಕ್ಕ ಊರಿಂದ ಫೋನು ಮಾಡಿ, "ಗುರುವಾರದ ವಿಮಾನದಲ್ಲೇ ಟಿಕೆಟು ಸಿಕ್ಕಿದೆ, ಸಂಜೆ ನಾಲ್ಕಕ್ಕೆ ಬಂದು ಕರಕೊಂಡು ಹೋಗು, ಇವರಿಗೆ ಹೇಳಬೇಡ, ಒಮ್ಮೆ ಬೆಚ್ಚಿ ಬೀಳಲಿ," ಎಂದಿದ್ದಳು. ಝೇವಿಯರ್ ಒಳ್ಳೆಯ ಮನುಷ್ಯ, ಹೇಳಬೇಡ ಎಂದದ್ದನ್ನು ಹೇಳುವವನಲ್ಲ. ಪೂವಕ್ಕನಿಗೆ ಚನಿಯನ ಸುದ್ದಿಯನ್ನೂ ಹೇಳಲಿಲ್ಲ. ಎರಡೂ ಕಡೆಗೆ ನಿಯತ್ತಾಗಿ ಇದ್ದುಬಿಟ್ಟ.

ಗುರುವಾರ ಬಂತು. ಹಾಲಿನ ತುಂಬ ಜನ. ರಾಟೆ, ಬಟ್ಟಲು, ಹಡಗಿನ ಹಲಗೆ ಎಲ್ಲ ಗೋಡೆಯ ಬದಿಗೆ. ನಡುವೆ ಕೆಂಪು ಜಮಖಾನೆ ಹಾಸಿದ ವೇದಿಕೆ, ಅದರ ಮೇಲೆ ದೀಪದ ಬೆಳಕಿನಲ್ಲಿ ಪೂವಕ್ಕನ ಹೆರೆಮಣೆ. ಬೆಳಕಿನಲ್ಲಿ ಹೂವು ಮಂಕಾಗಿ ಕಂಡಿತೆಂದು ಅಗಾತಾ ಮೇಡಂ ಅಂದೇ ಮಧ್ಯಾಹ್ನ ಕೆಂಪಿಗೆ ಇನ್ನೊಂದು ಕೋಟು ದಪ್ಪಗೆ ಹಚ್ಚಿದ್ದರು. ಎಣ್ಣೆ ಬಣ್ಣ, ಹೊಳೆಯುತ್ತಿತ್ತು. ಇಸ್ತ್ರಿ ಮಾಡಿದ ಅಂಗಿಯಲ್ಲಿ ಚನಿಯ ಕಂಬದ ಹತ್ತಿರ ನಿಂತಿದ್ದ. ಎಲ್ಲರೂ ಬಂದು ಅವನ ಕೈ ಕುಲುಕುತ್ತಿದ್ದರು. ಅವನು ಮಾತ್ರ ಗಡಿಯಾರ ನೋಡುತ್ತಿದ್ದ: ಆರೂ ಕಾಲು. ಏಳಕ್ಕೆ ಮುಗಿದರೆ ಎಂಟರೊಳಗೆ ಮನೆ. ತಿನ್ನರ್ ಬಾಟಲಿ ಸಿಂಕಿನ ಕೆಳಗೆ.

ಮುದ್ದುಕೃಷ್ಣ ಮೈಕು ಹಿಡಿದ. "ಈ ಪೀಠದಿಂದಲೇ ನಮ್ಮ ಹಿರಿಯರು ನ್ಯಾಯ ಹೇಳುತ್ತಿದ್ದರು," ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದವನು, ಎರಡನೆಯ ಪುಟಕ್ಕೆ ಬರುವಾಗ ಆ ಹೆರೆಮಣೆಯನ್ನು ಮೂರು ಯುದ್ಧಗಳ ಮೂಲಕ ಸಾಗಿಸಿಕೊಂಡು ಬಂದಿದ್ದ. ಚಪ್ಪಾಳೆ. ದೊಡ್ಡ ಸಾಹೇಬರು ಎದ್ದರು. ಆರೂವರೆ ಅಡಿ ಎತ್ತರ, ಅದಕ್ಕೆ ತಕ್ಕ ತೂಕ. ವೇದಿಕೆ ಹತ್ತಿ, ಗೇಣೆತ್ತರದ ಪೀಠವನ್ನು ಎಲ್ಲಿಂದ ಹಿಡಿದು ಕೂರುವುದೆಂದು ಸುತ್ತಿ ನೋಡಿದರು. ಕೊನೆಗೆ ಕಬ್ಬಿಣದ ನಾಲಗೆಯನ್ನು ಬೆನ್ನಿಗೆ ಆಸರೆ ಎಂದು ತಿಳಿದು, ಅದನ್ನು ಹಿಂದಕ್ಕೆ ಮಾಡಿ, ಮೊಣಕಾಲು ಬಗ್ಗಿಸಿದರು.

ಚನಿಯನಿಗೆ ಎರಡು ದೃಶ್ಯ ಒಟ್ಟಿಗೆ ಕಂಡವು. ಒಂದರಲ್ಲಿ ಹೆರೆಮಣೆಯ ಕಾಲು ಮುರಿದಿತ್ತು. ಇನ್ನೊಂದರಲ್ಲಿ ದೊಡ್ಡ ಸಾಹೇಬರ ಹಿಂಭಾಗ ತುರಿದಿತ್ತು. ಯಾವುದು ಹೆಚ್ಚು ಅನಾಹುತವೆಂದು ನಿರ್ಧರಿಸಲಾಗದೆ, "ನೋ ಸರ್! ನೋ ಚೇರ್ ಸರ್! ಕೋಕನಟ್!" ಎಂದು ಕೂಗಿದ.

ಅವನ ಕೂಗು ಯಾರಿಗೂ ಕೇಳಿಸಲಿಲ್ಲ. ಯಾಕೆಂದರೆ ಅದೇ ಕ್ಷಣಕ್ಕೆ ಬಾಗಿಲಿನಿಂದ ಇನ್ನೊಂದು ಕೂಗು ಬಂದಿತ್ತು.

"ಓಯ್! ಏಳಿ! ಏಳಿ ಅದರ ಮೇಲಿಂದ! ಯಾರು ಮಾರಾಯ್ರೇ ಈ ಮನುಷ್ಯ? ಅವರಿಗೆ ಕೂರ್ಲಿಕ್ಕೆ ಒಂದು ಕುರ್ಚಿ ಇಲ್ವಾ ಇಷ್ಟು ದೊಡ್ಡ ಹಾಲಿನಲ್ಲಿ?"

ಪೂವಕ್ಕ. ತಂಗಿ ಉಡಿಸಿ ಕಳಿಸಿದ ಅರಿಶಿನ ಬಣ್ಣದ ಹೊಸ ರೇಷ್ಮೆ ಸೀರೆ, ಹೆಗಲಿಗೆ ವಿಮಾನದ ಚೀಲ, ಹಿಂದೆ ತಲೆ ತಗ್ಗಿಸಿದ ಝೇವಿಯರ್. ಅವಳು ಮೊದಲು ಮನೆಗೇ ಹೋಗಿದ್ದಳು. ಅಡುಗೆ ಕೋಣೆಯ ಮೂಲೆ ಖಾಲಿ. ಟೀವಿ ಇದೆ, ಕಪಾಟಿನಲ್ಲಿ ಬಂಗಾರ ಇದೆ, ಹೆರೆಮಣೆ ಇಲ್ಲ. ಎಂಥ ಕಳ್ಳನಪ್ಪಾ ಎಂದು ಕೆಳಗಿಳಿದು ಕೇಳಿದಾಗ ಮೊಯ್ದಿನ್ ಮೂರು ಸಲ ಆಕಾಶ ನೋಡಿ, ನಾಲ್ಕನೆಯ ಸಲಕ್ಕೆ ಎಲ್ಲವನ್ನೂ ಹೇಳಿಬಿಟ್ಟಿದ್ದ.

ಸಾಹೇಬರು ಅರ್ಧ ಬಗ್ಗಿದವರು ಅಲ್ಲಿಯೇ ನಿಂತರು. ಪೂವಕ್ಕ ವೇದಿಕೆ ಹತ್ತಿ ಹೆರೆಮಣೆಯನ್ನು ನೋಡಿದಳು. ಹೂವನ್ನು ನೋಡಿದಳು. ಸುತ್ತ ಕಣ್ಣಾಡಿಸಿ, ಕಂಬದ ಹಿಂದೆ ಸಪೂರವಾಗಲು ಪ್ರಯತ್ನಿಸುತ್ತಿದ್ದ ಗಂಡನನ್ನು ನೋಡಿದಳು.

"ಬನ್ನಿ ಈಚೆಗೆ. ಇದು ಎಂತದು?"

"ಪೀಠ..." ಎಂದು ಮುದ್ದುಕೃಷ್ಣ ಮೈಕಿನಲ್ಲಿ ಅಂದ.

"ನೀನು ಸುಮ್ಮನಿರು ಮುದ್ದೂ, ಇವರ ಹತ್ತಿರ ಕೇಳಿದ್ದು. ಎಂತ ಇದು? ಹೇಳಿ ಇವರಿಗೆಲ್ಲ."

ಅಗಾತಾ ಮೇಡಂ ಚನಿಯನ ಮುಖವನ್ನೇ ನೋಡುತ್ತಿದ್ದರು. ಹೇಳಲು ಹೊರಟರೆ ಅವನಿಗೆ ಇಂಗ್ಲಿಷ್ ಬರಲಿಲ್ಲ, ಕನ್ನಡವೂ ಬರಲಿಲ್ಲ. ಪೂವಕ್ಕ ಕಾದು ನೋಡಿ, "ಆಗದಾ? ಸರಿ," ಎಂದಳು. ಸಾಹೇಬರನ್ನು ಮೊಣಕೈಯಿಂದ ಒಂದು ಬದಿಗೆ ಸರಿಸಿದಳು. ಚೀಲಕ್ಕೆ ಕೈ ಹಾಕಿ, ಊರಿಂದ ತಂದ ತೆಂಗಿನಕಾಯಿ ತೆಗೆದು, ವೇದಿಕೆಯ ಕಲ್ಲಿನ ಮೆಟ್ಟಿಲಿಗೆ ಒಂದೇ ಏಟು. ನೀರನ್ನು ಝೇವಿಯರ್ ಕುಡಿದ. ಹಣ್ಣಿನ ತಟ್ಟೆಯ ಹಣ್ಣನ್ನು ಜಮಖಾನೆಗೆ ಸುರಿದು, ಖಾಲಿ ತಟ್ಟೆಯನ್ನು ನಾಲಗೆಯ ಕೆಳಗಿಟ್ಟಳು. ಸೀರೆಯನ್ನು ಸ್ವಲ್ಪ ಮೇಲಕ್ಕೆ ಸಿಕ್ಕಿಸಿ, ಒಂದು ಕಾಲು ಮಡಚಿ, ಒಂದು ಕಾಲು ಚಾಚಿ, ನಾರ್ವೆಯ ಹೂವಿನ ಮೇಲೆ ಗಟ್ಟಿಯಾಗಿ ಕುಳಿತಳು.

ಕರ್ ಕರ್ ಕರ್ ಎಂದು ಸದ್ದು ಶುರುವಾಯಿತು. ತಟ್ಟೆಯಲ್ಲಿ ಬಿಳಿ ರಾಶಿ ಏರಿತು. ಎರಡೂ ಹೋಳು ಮುಗಿಯುವವರೆಗೆ ಪೂವಕ್ಕ ತಲೆ ಎತ್ತಲಿಲ್ಲ. ಮುಗಿದ ಮೇಲೆ ಒಂದು ಚಿಟಿಕೆ ತೆಗೆದು, ಬಾಯಿ ತೆರೆದು ನಿಂತಿದ್ದ ದೊಡ್ಡ ಸಾಹೇಬರ ಕೈಗೆ ಹಾಕಿದಳು. ಸಾಹೇಬರು ತಿಂದರು. ಮತ್ತೆ ಕೈ ನೀಡಿದರು.

"ಇಲ್ಲ. ಇದು ಸಾರಿಗೆ," ಎಂದಳು ಪೂವಕ್ಕ.

ಅಗಾತಾ ಮೇಡಂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಚನಿಯ, ಕೆಲಸ ಹೋಯಿತು ಎಂದುಕೊಂಡ. ನೋಡಿದರೆ ಅವರು ನಗುತ್ತಿದ್ದರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ನೀನು ಹೇಳಿದ್ದೆಲ್ಲ ನಿಜವೇ ಚನಿಯಾ!" ಎಂದರು. "ಬೆಳಿಗ್ಗೆ, ಸಂಜೆ, ಮಕ್ಕಳು, ಚಿಟಿಕೆ! ನಮ್ಮ ಅಜ್ಜಿಯೂ ಹೂವು ಬರೆದದ್ದು ಹಿಟ್ಟು ಕಲಸುವ ಮರಿಗೆಗೇ. ಗೌರವಪೀಠಕ್ಕಲ್ಲ." ಆಮೇಲೆ ಪೂವಕ್ಕನ ಮುಂದೆ ಬಗ್ಗಿ, ಇದನ್ನು ಒಂದು ತಿಂಗಳು ತಮ್ಮ ದೇಶಕ್ಕೆ ಒಯ್ದು ಪ್ರದರ್ಶನಕ್ಕೆ ಇಡಬಹುದೇ ಎಂದು ಕೇಳಿದರು. ಝೇವಿಯರ್ ಕನ್ನಡದಲ್ಲಿ ಹೇಳಿದ.

ಚನಿಯ ವೇದಿಕೆಯ ಹತ್ತಿರಕ್ಕೆ ಬಂದ. ತನ್ನ ಹೂವು ನಾರ್ವೆಗೆ! ಪೂವಕ್ಕ ಅವನ ಮುಖ ನೋಡಿದಳು.

"ಹೂವು ಚಂದ ಉಂಟು, ಇಲ್ಲ ಅಂತ ಹೇಳುವುದಿಲ್ಲ," ಎಂದಳು. "ಬೇಕಾದರೆ ಇವರನ್ನು ಒಂದು ತಿಂಗಳು ಕರಕೊಂಡು ಹೋಗಿ. ಹೆರೆಮಣೆ ಕೊಡ್ಲಿಕ್ಕೆ ಆಗುವುದಿಲ್ಲ. ನಾಳೆ ಹದಿನೈದು ಜನರ ಊಟ ಉಂಟು. ಹೂವು ಹಾಗೇ ಇರಲಿ. ಒರೆಸುವುದು ಬೇಡ. ಖಲಾಸ್."

ಝೇವಿಯರ್ ಇದನ್ನು ಇಂಗ್ಲಿಷಿಗೆ ತಿರುಗಿಸಿದ್ದೇ ತಡ, ಚಪ್ಪಾಳೆ ಬಿದ್ದಿತು ನೋಡಿ, ಮುದ್ದುಕೃಷ್ಣನ ಮೂರು ಯುದ್ಧಕ್ಕೂ ಅಷ್ಟು ಬಿದ್ದಿರಲಿಲ್ಲ. ಸಂಘದ ಶಾಲನ್ನು ಸಾಹೇಬರೇ ತೆಗೆದು ಪೂವಕ್ಕನ ಹೆಗಲಿಗೆ ಹೊದೆಸಿದರು. ಚಪ್ಪಾಳೆಯ ನಡುವೆ ಪೂವಕ್ಕ ಗಂಭೀರವಾಗಿ ಎದ್ದು, ಕೈ ಮುಗಿದು, ಬಾಗಿಲಿನ ಕಡೆ ತಿರುಗಿದಳು.

ಚಪ್ಪಾಳೆ ಒಮ್ಮೆಲೇ ನಿಂತಿತು.

ಮಧ್ಯಾಹ್ನದ ಎಣ್ಣೆ ಬಣ್ಣ ಒಣಗಿರಲಿಲ್ಲ. ಅರಿಶಿನ ಬಣ್ಣದ ರೇಷ್ಮೆಯ ಹಿಂಭಾಗದಲ್ಲಿ, ಕೂರುವ ಜಾಗದಲ್ಲಿ ಸರಿಯಾಗಿ, ಅಂಗೈ ಅಗಲದ ಕೆಂಪು ಹೂವು ಒಂದು ಎಸಳೂ ಕೆಡದೆ ಅರಳಿ ನಿಂತಿತ್ತು. ಆರ್ಟಿಸ್ಟ್ ಚನಿಯನ ಜೀವಮಾನದಲ್ಲಿ ಅಷ್ಟು ಚೊಕ್ಕದ ಹೂವು ಅದಕ್ಕೆ ಮೊದಲೂ ಮೂಡಿರಲಿಲ್ಲ, ಆಮೇಲೂ ಮೂಡಲಿಲ್ಲ. ನಾರ್ವೆಯವರು ನೋಡಿದರು. ಇಂಡಿಯಾದವರು ನೋಡಿದರು. ನೋಡದವಳು ಪೂವಕ್ಕ ಒಬ್ಬಳೇ.

ಚನಿಯ ಒಂದೇ ನೆಗೆತಕ್ಕೆ ವೇದಿಕೆ ಹತ್ತಿ, ಹೆರೆಮಣೆಯನ್ನು ಎತ್ತಿ, ಹೂವಿಗೆ ಅಡ್ಡವಾಗಿ ಹಿಡಿದು, ಹೆಂಡತಿಯ ಹಿಂದೆ ಅಂಟಿಕೊಂಡು ಹೊರಟ. ಮದುವೆಯಾಗಿ ಮೂವತ್ತು ವರ್ಷ ಹತ್ತು ಹೆಜ್ಜೆ ಮುಂದೆಯೇ ನಡೆದ ಗಂಡಸು, ಅಂದು ಒಂದು ಗೇಣು ಹಿಂದೆ ನಡೆದ.

"ಎಂತ, ಇವತ್ತು ಬಾಲದ ಹಾಗೆ ಹಿಂದೆಯೇ ಬರ್ತಿದ್ದೀರಿ?" ಎಂದಳು ಪೂವಕ್ಕ, ತಿರುಗಿ ನೋಡದೆ.

"ಒಂದು ತಿಂಗಳು ಆಯಿತಲ್ಲ... ನೋಡದೆ."

ಪೂವಕ್ಕನ ನಡಿಗೆ ನಿಧಾನವಾಯಿತು.

ಕಾರಿನಲ್ಲಿ ಝೇವಿಯರ್ ತನ್ನ ಬಿಳಿ ಸೀಟನ್ನೂ ಪೂವಕ್ಕನ ಸೀರೆಯನ್ನೂ ನೋಡಿ, ಚನಿಯನ ಕಣ್ಣು ನೋಡಿ, ಸೀಟಿನ ಆಸೆ ಬಿಟ್ಟ. ಬಿನ್ ಒಮ್ರಾನಿನಲ್ಲಿ ಇಳಿದಾಗ ಮೊಯ್ದಿನ್ ಅಂಗಡಿಯ ಮುಂದೆಯೇ ಕಾಯುತ್ತಿದ್ದ. ಪೂವಕ್ಕ ಅವನನ್ನು ದಾಟಿ ಮೆಟ್ಟಿಲಿಗೆ ಕಾಲಿಟ್ಟಳು. ಮೊಯ್ದಿನನ ಬಾಯಿ ತೆರೆಯಿತು. ಹಿಂದಿನಿಂದ ಚನಿಯ ಹೆರೆಮಣೆ ಸಮೇತ ಕೈ ಮುಗಿದ.

"ಪೂವಕ್ಕಾ..." ಮೊಯ್ದಿನ್ ಚನಿಯನ ಕಡೆ ನೋಡಿದ. "ಸೀರೆ ಭಾರೀ ಚಂದ ಉಂಟು."

ಪೂವಕ್ಕ ಮೆಟ್ಟಿಲ ಮೇಲೆ ನಿಂತಳು. ಅಂದು ಮೊದಲ ಸಲ ಅವಳ ಮುಖದಲ್ಲಿ ನಗು ಕಂಡಿತು.

"ಹೌದಾ ಮೊಯ್ದಿನ್? ತಂಗಿ ಕೊಟ್ಟದ್ದು. ಸಾದಾ ಸೀರೆ, ಒಂದು ಹೂವು ಕೂಡ ಇಲ್ಲವಲ್ಲ ಅಂತ ನಾನು ಅವಳಿಗೆ ಬೈದೆ ನೋಡು."